ಏರಿನಲ್ಲಿ ಹೃದಯ ಬಡಿತ 214 ಎಂದು ತೋರಿಸುತ್ತಿದೆ: ಸೈಕಲ್ ಕಂಪ್ಯೂಟರಿನ ಜೋಡಣೆಯಲ್ಲಿ ತಪ್ಪಿರುವುದೆಲ್ಲಿ?

ಕುಕ್ಕರಹಳ್ಳಿ ಸವಾರ, ಮೈಸೂರು

ಎಲ್ಲರಿಗೂ ನಮಸ್ಕಾರ. ನನಗೆ 52 ವರ್ಷ. ಎರಡು ವರ್ಷಗಳಿಂದ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಸೈಕಲ್ ತುಳಿಯುತ್ತಿದ್ದೇನೆ. ಕಳೆದ ತಿಂಗಳು ಮಗಳು ನನಗೊಂದು ಸೈಕಲ್ ಕಂಪ್ಯೂಟರನ್ನೂ, ಜೊತೆಗೆ ಎದೆಗೆ ಕಟ್ಟಿಕೊಂಡು ಹೃದಯ ಬಡಿತ ಅಳೆಯುವ ಪಟ್ಟಿಯನ್ನೂ ಕೊಡಿಸಿದಳು. ಇದು ಜಿಪಿಎಸ್ ಇಲ್ಲದ ಮಾದರಿ. ಮುಂದಿನ ಚಕ್ರದ ಕಡ್ಡಿಗೆ ಪುಟ್ಟ ಅಯಸ್ಕಾಂತ, ಫೋರ್ಕಿಗೆ ಸೆನ್ಸರ್, ಹ್ಯಾಂಡಲ್ಲಿನ ಮೇಲೆ ಪರದೆ ಇವೆ. ಎತ್ತರವನ್ನು ಗಾಳಿಯ ಒತ್ತಡದಿಂದ ಅಳೆಯುತ್ತದೆ. ಕೊಂಡ ಅಂಗಡಿಯಲ್ಲೇ ಜೋಡಿಸಿಕೊಟ್ಟರು. ನನ್ನ ವಯಸ್ಸನ್ನು ಕೇಳಿ ತುಂಬಿಸಿದರೇ ಹೊರತು ಬೇರೇನನ್ನೂ ಕೇಳಲಿಲ್ಲ.

ಈಗ ಮೂರು ತೊಂದರೆಗಳಿವೆ. ಮೊದಲನೆಯದು, ಮನೆ ಬಿಟ್ಟ ಹತ್ತು ನಿಮಿಷ ಹೃದಯ ಬಡಿತ ಏನೇನೋ ತೋರಿಸುತ್ತದೆ. ಮೊನ್ನೆ ಚಾಮುಂಡಿ ಬೆಟ್ಟದ ರಸ್ತೆ ಇನ್ನೂ ಆರಂಭವಾಗುತ್ತಿದ್ದಾಗಲೇ 214 ಎಂದಿತು. ಎರಡು ನಿಮಿಷದಲ್ಲಿ ತಾನಾಗಿಯೇ 118ಕ್ಕೆ ಇಳಿಯಿತು. ಎರಡನೆಯದು, ಶ್ರೀರಂಗಪಟ್ಟಣಕ್ಕೆ ಹೋಗಿಬಂದ ದಿನ ಫೋನು 34.2 ಕಿಲೋಮೀಟರ್ ಎಂದರೆ ಈ ಕಂಪ್ಯೂಟರು 33.3 ಎಂದಿತು. ಮೂರನೆಯದು ನನ್ನನ್ನು ಹೆಚ್ಚು ಕಾಡುತ್ತಿರುವುದು: ಬೆಟ್ಟದ ಮಧ್ಯಭಾಗದಲ್ಲಿ ಬಡಿತ 175ರಿಂದ 181ರವರೆಗೆ ಸ್ಥಿರವಾಗಿ ನಿಲ್ಲುತ್ತದೆ, ಪರದೆ ಐದನೆಯ ವಲಯ, ಅಂದರೆ ಅತಿ ಹೆಚ್ಚಿನ ಶ್ರಮದ ಹಂತ, ಎಂದು ಕೂಗುತ್ತಲೇ ಇರುತ್ತದೆ. ಬೆಟ್ಟವೇನು, ಸಮತಟ್ಟಾದ ರಸ್ತೆಯಲ್ಲಿ ಸ್ವಲ್ಪ ಬಿರುಸಾಗಿ ಹೋದರೂ ಅದೇ ಕೂಗು. ನನಗೆ ಉಸಿರು ಕಟ್ಟುವಂತಹ ಆಯಾಸ ಆಗುವುದಿಲ್ಲ. ಆದರೆ ಮನೆಯವರು ಆ ಅಂಕಿಯನ್ನು ಕಂಡು ಗಾಬರಿಯಾಗಿದ್ದಾರೆ. ಯಂತ್ರ ತಪ್ಪೋ, ಜೋಡಣೆ ತಪ್ಪೋ, ನನ್ನ ಹೃದಯದಲ್ಲೇ ಏನಾದರೂ ತೊಂದರೆ ಇದೆಯೋ, ಬಲ್ಲವರು ದಯವಿಟ್ಟು ತಿಳಿಸಬೇಕು.


ಇರುಳು ಬ್ರೆವೆ, ಬೆಂಗಳೂರು

ಸರ್, ಹೃದಯದ ವಿಷಯವನ್ನು ಇಲ್ಲಿರುವ ವೈದ್ಯರು ಹೇಳಲಿ. ಎರಡನೆಯ ತೊಂದರೆಯನ್ನು ನಾನು ಬಗೆಹರಿಸಬಲ್ಲೆ ಎಂದುಕೊಂಡಿದ್ದೇನೆ.

ನಿಮ್ಮ ಕಂಪ್ಯೂಟರಿಗೆ ರಸ್ತೆಯ ಅರಿವೇ ಇಲ್ಲ. ಅಯಸ್ಕಾಂತವು ಸೆನ್ಸರಿನ ಮುಂದೆ ಎಷ್ಟು ಸಲ ಹಾದುಹೋಯಿತು ಎಂದು ಅದು ಎಣಿಸುತ್ತದೆ, ಆ ಎಣಿಕೆಯನ್ನು ಚಕ್ರದ ಸುತ್ತಳತೆಯಿಂದ ಗುಣಿಸುತ್ತದೆ, ಅಷ್ಟೇ. ಸುತ್ತಳತೆ ತಪ್ಪಿದರೆ ದೂರವೂ ತಪ್ಪುತ್ತದೆ, ವೇಗವೂ ತಪ್ಪುತ್ತದೆ, ಸರಾಸರಿಯೂ ತಪ್ಪುತ್ತದೆ. ಟೈರಿನ ಪಕ್ಕದಲ್ಲಿ ಬರೆದಿರುವುದನ್ನು ಓದಿ ನೋಡಿ. 35-622 ಎಂದಿದ್ದರೆ ಟೈರಿನ ಅಗಲ 35 ಮಿಲಿಮೀಟರ್, ಟೈರು ಕೂರುವ ರಿಮ್ಮಿನ ವ್ಯಾಸ 622 ಮಿಲಿಮೀಟರ್ ಎಂದರ್ಥ. ಇದನ್ನೇ ಅಂಗಡಿಯಲ್ಲಿ 700×35ಸಿ ಎನ್ನುತ್ತಾರೆ. ಕೈಪಿಡಿಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ 700×23ಸಿ ಟೈರಿಗೆ 2096, 25ಸಿಗೆ 2105, 28ಸಿಗೆ 2136, 35ಸಿಗೆ 2168 ಮಿಲಿಮೀಟರ್ ಎಂದು ಕೊಟ್ಟಿರುತ್ತಾರೆ. ನಿಮ್ಮ ಅಂಗಡಿಯವರು ಏನನ್ನೂ ಕೇಳಲಿಲ್ಲ ಎಂದಿರಿ. ಹಾಗಿದ್ದರೆ ಕಾರ್ಖಾನೆಯಿಂದ ಬಂದ 2096 ಹಾಗೆಯೇ ಉಳಿದಿರಬಹುದು. ನಿಮ್ಮದು ಹೈಬ್ರಿಡ್ ಸೈಕಲ್ ಆಗಿದ್ದರೆ ಟೈರು ಅದಕ್ಕಿಂತ ದಪ್ಪವಾಗಿರುತ್ತದೆ.

ಪಟ್ಟಿಯ ಅಂಕಿಯನ್ನು ಹಾಕಿದರೂ ಅಲ್ಲಿಗೇ ನಿಲ್ಲಿಸಬೇಡಿ. ನೀವು ಕುಳಿತಾಗ ಟೈರು ನೆಲದ ಹತ್ತಿರ ಸ್ವಲ್ಪ ಅಮುಕಿಕೊಳ್ಳುತ್ತದೆ, ಹಾಗಾಗಿ ಒಂದು ಸುತ್ತಿಗೆ ಸಾಗುವ ದೂರ ಪಟ್ಟಿಗಿಂತ ತುಸು ಕಡಿಮೆ ಇರುತ್ತದೆ. ಎಂದಿನಷ್ಟೇ ಗಾಳಿ ತುಂಬಿಸಿ, ಮನೆಯ ಮುಂದಿನ ಸಿಮೆಂಟ್ ನೆಲದ ಮೇಲೆ ಮುಂದಿನ ಚಕ್ರದ ವಾಲ್ವು ನೇರವಾಗಿ ಕೆಳಗಿರುವಂತೆ ನಿಲ್ಲಿಸಿ, ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ನೀವು ಸೀಟಿನ ಮೇಲೆ ಕುಳಿತಿರಿ, ಇನ್ನೊಬ್ಬರು ಹಿಡಿದುಕೊಂಡು ನೇರವಾಗಿ ತಳ್ಳಲಿ. ವಾಲ್ವು ಮೂರು ಸಲ ಸುತ್ತಿ ಮತ್ತೆ ಕೆಳಗೆ ಬಂದಲ್ಲಿ ಇನ್ನೊಂದು ಗೆರೆ. ಎರಡು ಗೆರೆಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆದು ಮೂರರಿಂದ ಭಾಗಿಸಿ, ಮಿಲಿಮೀಟರಿನಲ್ಲಿ ಬಂದ ಅಂಕಿಯನ್ನು ತುಂಬಿಸಿ. ಒಂದೇ ಸುತ್ತಿಗೆ ಅಳೆದರೆ ಕಣ್ಣಿನ ತಪ್ಪು ಪೂರ್ತಿ ಉಳಿಯುತ್ತದೆ. ಮೂರು ಸುತ್ತಿಗೆ ಅಳೆದರೆ ಅದು ಮೂರರಲ್ಲೊಂದು ಪಾಲಾಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನ್ನ ಮೊದಲ 200 ಕಿಲೋಮೀಟರ್ ಬ್ರೆವೆಗೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಗೆ) ಮುಂಚೆ 25ಸಿ ಟೈರು ತೆಗೆದು 28ಸಿ ಹಾಕಿಸಿದ್ದೆ, ಕಂಪ್ಯೂಟರಿನಲ್ಲಿ 2105 ಹಾಗೆಯೇ ಇತ್ತು. ದಾರಿಯ ಚೀಟಿಯಲ್ಲಿ 124ನೆಯ ಕಿಲೋಮೀಟರಿಗೆ ಎಡಕ್ಕೆ ತಿರುಗಬೇಕೆಂದು ಬರೆದಿತ್ತು. ಆ ತಿರುವು ಬಂದಾಗ ನನ್ನ ಪರದೆಯಲ್ಲಿ 122.2 ಇದ್ದುದರಿಂದ ಇನ್ನೂ ಬಂದಿಲ್ಲವೆಂದು ನೇರವಾಗಿ ಹೋದೆ. 124 ಆಗುವ ಹೊತ್ತಿಗೆ ಎಡಕ್ಕೆ ರಸ್ತೆಯೇ ಇರಲಿಲ್ಲ, ಕಬ್ಬಿನ ಗದ್ದೆ ಇತ್ತು. ಟೈರು ಬದಲಿಸಿದ ಪ್ರತಿ ಸಲವೂ ಈಗ ನಾನು ಸೀಮೆಸುಣ್ಣ ಹಿಡಿಯುತ್ತೇನೆ.

ಅಯಸ್ಕಾಂತಕ್ಕೂ ಸೆನ್ಸರಿಗೂ ನಡುವೆ 5 ಮಿಲಿಮೀಟರಿಗಿಂತ ಹೆಚ್ಚು ಅಂತರ ಇರದಂತೆ ನೋಡಿಕೊಳ್ಳಿ. ಸೆನ್ಸರಿನ ಮೇಲೆ ಒಂದು ಗೆರೆಯೋ ಬಾಣವೋ ಇರುತ್ತದೆ. ಅಯಸ್ಕಾಂತ ಅದರ ಎದುರೇ ಹಾಯಬೇಕು. ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿದಾಗ ವೇಗ ಏಕಪ್ರಕಾರವಾಗಿ ಬಂದರೆ ಸರಿಯಾಗಿದೆ. ಆಗಾಗ ಸೊನ್ನೆಗೆ ಬಿದ್ದರೆ ಅಯಸ್ಕಾಂತ ಜಾರಿದೆ.


ಉಣಕಲ್ ದಾರಿ, ಹುಬ್ಬಳ್ಳಿ

ಒಂದು ಸಣ್ಣ ಮಾತು ಸೇರಿಸುತ್ತೇನೆ. ಎದೆಪಟ್ಟಿಯನ್ನು ಕಂಪ್ಯೂಟರಿಗೆ ಮೊದಲ ಸಲ ಪೇರ್ ಮಾಡುವುದನ್ನು ಮನೆಯಲ್ಲೇ, ಹತ್ತಿರದಲ್ಲಿ ಬೇರೆ ಯಾರ ಪಟ್ಟಿಯೂ ಇಲ್ಲದಾಗ ಮಾಡಬೇಕು. ಆಂಟ್ ಪ್ಲಸ್ ಎಂಬ ನಿಸ್ತಂತು ವಿಧಾನದ ಪಟ್ಟಿಯು ತನ್ನ ಅಂಕಿಯನ್ನು ರೇಡಿಯೋದಂತೆ ಸುತ್ತಲೂ ಬಿತ್ತರಿಸುತ್ತಿರುತ್ತದೆ. ಗುಂಪು ಸವಾರಿಗೆ ಹತ್ತಾರು ಜನ ಸೇರಿದ ಜಾಗದಲ್ಲಿ ಹುಡುಕಲು ಬಿಟ್ಟರೆ ಕಂಪ್ಯೂಟರು ಪಕ್ಕದವರ ಹೃದಯವನ್ನು ಹಿಡಿದುಕೊಳ್ಳಬಹುದು. ನಮ್ಮ ಗುಂಪಿನಲ್ಲಿ ಹೀಗಾಗಿ ಒಬ್ಬರು ವಾರಗಟ್ಟಲೆ ಇನ್ನೊಬ್ಬರ ಬಡಿತವನ್ನು ದಾಖಲಿಸಿಕೊಂಡಿದ್ದರು. ಇಬ್ಬರೂ ಯಾವಾಗಲೂ ಜೊತೆಯಲ್ಲೇ ಹೋಗುತ್ತಿದ್ದುದರಿಂದ ತಿಳಿಯಲೇ ಇಲ್ಲ. ಪಟ್ಟಿಯ ಹಿಂಬದಿಯಲ್ಲಿ ಅಚ್ಚಾಗಿರುವ ಸೆನ್ಸರ್ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ಕಾಣುವ ಸಂಖ್ಯೆಯೊಂದಿಗೆ ತಾಳೆ ನೋಡಿ. ಬ್ಲೂಟೂತ್ ಮಾತ್ರ ಇರುವ ಹಳೆಯ ಪಟ್ಟಿಯಾಗಿದ್ದರೆ ಅದು ಒಂದು ಸಲಕ್ಕೆ ಒಂದೇ ಉಪಕರಣಕ್ಕೆ ಸೇರಿಕೊಳ್ಳುತ್ತದೆ. ಫೋನು ಮೊದಲೇ ಹಿಡಿದಿದ್ದರೆ ಕಂಪ್ಯೂಟರಿಗೆ ಸಿಗುವುದಿಲ್ಲ.


ತುಂಗಾ ತೀರದ ವೈದ್ಯೆ, ಶಿವಮೊಗ್ಗ

ಕುಕ್ಕರಹಳ್ಳಿ ಸವಾರರೇ, ನಾನು ವೈದ್ಯೆ, ಸ್ವತಃ ಸೈಕಲ್ ತುಳಿಯುವವಳು. ನಿಮ್ಮನ್ನು ಪರೀಕ್ಷಿಸದೆ ನಿಮ್ಮ ಹೃದಯ ಚೆನ್ನಾಗಿದೆ ಎಂದು ನಾನು ಹೇಳಲಾರೆ. ಆದರೆ 214 ಮತ್ತು 181 ಎಂಬ ಎರಡು ಅಂಕಿಗಳನ್ನು ಬೇರೆ ಬೇರೆಯಾಗಿ ನೋಡಬೇಕೆಂದು ಮಾತ್ರ ಖಂಡಿತವಾಗಿ ಹೇಳುತ್ತೇನೆ.

ಸವಾರಿಯ ಆರಂಭದಲ್ಲೇ, ಬೆವರು ಬರುವ ಮುನ್ನ, ಯಾವ ಶ್ರಮವೂ ಇಲ್ಲದೆ 200 ದಾಟಿ, ಬೆವರು ಬಂದ ಮೇಲೆ ತಾನಾಗಿಯೇ ಸರಿಹೋಗುವ ಅಂಕಿಯು ಸಾಮಾನ್ಯವಾಗಿ ಪಟ್ಟಿಯ ದೋಷ. ಎದೆಪಟ್ಟಿಯು ಹೃದಯ ಹೊರಡಿಸುವ ವಿದ್ಯುತ್ ಸಂಕೇತವನ್ನು ಚರ್ಮದ ಮೇಲಿಂದ ಹಿಡಿಯುತ್ತದೆ. ಒಣ ಚರ್ಮದಲ್ಲಿ ಆ ಸಂಕೇತ ಕ್ಷೀಣವಾಗಿ, ಬೇರೆ ಗದ್ದಲವನ್ನೂ ಅದು ಬಡಿತವೆಂದೇ ಎಣಿಸುತ್ತದೆ. ಹಾಗೆಂದು ಯಾವಾಗಲೂ ಪಟ್ಟಿಯದೇ ತಪ್ಪು ಎಂದು ಕಡೆಗಣಿಸಬಾರದು. ಅಂಕಿ ಹಠಾತ್ತನೆ ಏರಿದಾಗ ಸೈಕಲ್ ನಿಲ್ಲಿಸಿ, ಮಣಿಕಟ್ಟಿನಲ್ಲೋ ಕತ್ತಿನ ಒಂದು ಬದಿಯಲ್ಲೋ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಬೆರಳಿಗೆ 110 ಸಿಕ್ಕು ಪರದೆ 210 ಎಂದರೆ ಪಟ್ಟಿಯನ್ನು ಸರಿಪಡಿಸಿ. ಬೆರಳಿಗೂ ಎಣಿಸಲಾರದಷ್ಟು ವೇಗವಾಗಿ ಹೊಡೆದುಕೊಳ್ಳುತ್ತಿದ್ದರೆ, ಅಥವಾ ತಲೆಸುತ್ತು, ಎದೆ ಬಿಗಿತ, ಕಣ್ಣು ಕತ್ತಲೆ ಇದ್ದರೆ ಅಂದಿನ ಸವಾರಿ ಅಲ್ಲಿಗೆ ಮುಗಿಯಿತು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೃದಯದ ಲಯ ನಿಜವಾಗಿಯೂ ಥಟ್ಟನೆ 180, 200ಕ್ಕೆ ಜಿಗಿಯುವ ಕಾಯಿಲೆಗಳಿವೆ.

ಇನ್ನು 181. ಅಂಗಡಿಯವರು ನಿಮ್ಮ ವಯಸ್ಸನ್ನು ತುಂಬಿಸಿದಾಗ ಯಂತ್ರವು 220ರಿಂದ 52ನ್ನು ಕಳೆದು, ನಿಮ್ಮ ಗರಿಷ್ಠ ಬಡಿತ 168 ಎಂದು ತೀರ್ಮಾನಿಸಿರುತ್ತದೆ. ಈ ಸೂತ್ರ 1971ರಲ್ಲಿ ಫಾಕ್ಸ್ ಮತ್ತು ಹ್ಯಾಸ್ಕೆಲ್ ಎಂಬ ಸಂಶೋಧಕರ ಲೇಖನದ ಮೂಲಕ ಚಾಲ್ತಿಗೆ ಬಂದದ್ದು. ಹಲವಾರು ಅಧ್ಯಯನಗಳ ಬಿಂದುಗಳ ನಡುವೆ ಅಂದಾಜಿನಿಂದ ಎಳೆದ ಗೆರೆ ಅದು. 2001ರಲ್ಲಿ ತನಾಕಾ ಮತ್ತು ಸಂಗಡಿಗರು ಕೊಟ್ಟ ಸೂತ್ರದಲ್ಲಿ ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುತ್ತಾರೆ. ಅದರ ಪ್ರಕಾರ ನಿಮಗೆ ಸುಮಾರು 172. ಎರಡೂ ಸರಾಸರಿಗಳೇ. ಒಂದೇ ವಯಸ್ಸಿನ ಆರೋಗ್ಯವಂತರಲ್ಲಿ ಗರಿಷ್ಠ ಬಡಿತ ಈ ಸರಾಸರಿಗಿಂತ 10, 12 ಹೆಚ್ಚೋ ಕಡಿಮೆಯೋ ಇರುವುದು ತೀರಾ ಸಾಮಾನ್ಯ, ಅದಕ್ಕೂ ಆಚೆ ಇರುವವರೂ ಇದ್ದಾರೆ. ಗರಿಷ್ಠ ಬಡಿತ ಹೆಚ್ಚಿರುವುದು ಶಕ್ತಿಯ ಗುರುತೂ ಅಲ್ಲ, ರೋಗದ ಗುರುತೂ ಅಲ್ಲ. ಅದು ಹುಟ್ಟಿನಿಂದ ಬಂದದ್ದು. ನಿಮ್ಮ ಗರಿಷ್ಠ 168ಕ್ಕಿಂತ ಬಹಳ ಮೇಲಿದ್ದರೆ ಪರದೆ ಸದಾ ಕೂಗುತ್ತಿರುವುದರಲ್ಲಿ ಆಶ್ಚರ್ಯವಿಲ್ಲ.

ಆದರೂ ನಿಮ್ಮ ವಯಸ್ಸಿನಲ್ಲಿ ಏರು ಹತ್ತುವ ಶ್ರಮಕ್ಕೆ ಮುಂಚೆ ಒಂದು ಇಸಿಜಿ ಮತ್ತು ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಮಾಡಿಸಿಕೊಂಡು ವೈದ್ಯರಿಗೆ ತೋರಿಸಿ. ಮನೆಯವರ ಗಾಬರಿಗೆ ಅದೇ ಸರಿಯಾದ ಉತ್ತರ. ಅಲ್ಲಿಯವರೆಗೆ ಬೆಟ್ಟ ಬೇಡ.


ಕೆಲಗೇರಿ ಗಾಲಿ, ಧಾರವಾಡ

ವೈದ್ಯರು ಹೇಳಿದ ಗದ್ದಲದ ವಿಷಯವನ್ನು ನಾನು ಮೂರು ಚಳಿಗಾಲ ಅನುಭವಿಸಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಜನವರಿಯ ಬೆಳಗಿನಲ್ಲಿ ಧಾರವಾಡದ ಗಾಳಿ ಒಣಗಿರುತ್ತದೆ. ನಾನು ಸಡಿಲವಾದ ಪಾಲಿಯೆಸ್ಟರ್ ಜೆರ್ಸಿ ಹಾಕಿಕೊಂಡು ಕೆಲಗೇರಿ ಕೆರೆಯ ಕಡೆ ಇಳಿಯುವಾಗ ಬಟ್ಟೆ ಎದೆಯ ಮೇಲೆ ಪಟಪಟ ಹೊಡೆದುಕೊಳ್ಳುತ್ತಿತ್ತು, ಪೆಡಲ್ ತುಳಿಯದೆ ಇಳಿಯುತ್ತಿದ್ದರೂ ಪರದೆ 220 ಎನ್ನುತ್ತಿತ್ತು. ಪಟ್ಟಿಯ ಬ್ಯಾಟರಿ ಬದಲಿಸಿದೆ, ಪಟ್ಟಿಯನ್ನೇ ಬದಲಿಸಿದೆ, ಹೋಗಲಿಲ್ಲ. ಒಂದು ದಿನ ಇಳಿಜಾರಿನಲ್ಲಿ ಜೆರ್ಸಿಯನ್ನು ಒಂದು ಕೈಯಿಂದ ಎದೆಗೆ ಒತ್ತಿ ಹಿಡಿದೆ. ಅಂಕಿ ಐದಾರು ಸೆಕೆಂಡಿನಲ್ಲಿ 220ರಿಂದ 126ಕ್ಕೆ ಬಿತ್ತು. ಕೈ ಬಿಟ್ಟೆ, ಮತ್ತೆ ಏರಿತು. ಉಣ್ಣೆಯ ಸ್ವೆಟರ್ ತೆಗೆಯುವಾಗ ಚಿಟಚಿಟ ಎನ್ನುತ್ತದಲ್ಲ, ಅದೇ ಸ್ಥಾಯೀ ವಿದ್ಯುತ್ತು ಬಟ್ಟೆಯ ತಿಕ್ಕಾಟದಿಂದ ಹುಟ್ಟಿ ಪಟ್ಟಿಯನ್ನು ದಾರಿ ತಪ್ಪಿಸುತ್ತಿತ್ತು. ಮೈಗೆ ಅಂಟಿ ಕೂರುವ ಜೆರ್ಸಿ ಹಾಕತೊಡಗಿದ ಮೇಲೆ, ಪಟ್ಟಿಯ ಎರಡು ಎಲೆಕ್ಟ್ರೋಡುಗಳನ್ನೂ ಅವು ತಾಗುವ ಚರ್ಮವನ್ನೂ ಚೆನ್ನಾಗಿ ಒದ್ದೆ ಮಾಡಿಕೊಂಡು ಹೊರಡತೊಡಗಿದ ಮೇಲೆ ತೊಂದರೆ ನಿಂತಿತು. ನೀರು ಬೇಗ ಆರಿಹೋಗುವ ಚಳಿಯಲ್ಲಿ ಇಸಿಜಿಗೆ ಹಚ್ಚುವ ಜೆಲ್ಲನ್ನು ತೆಳ್ಳಗೆ ಸವರಿಕೊಂಡರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಮಳೆಗಾಲದಲ್ಲಿ ಈ ತೊಂದರೆ ಬರುವುದೇ ಇಲ್ಲ.

ಪಟ್ಟಿಯನ್ನು ಎದೆಯ ಸ್ನಾಯುಗಳ ಕೆಳಗೆ, ಪಕ್ಕೆಲುಬುಗಳ ಮೇಲೆ ಕಟ್ಟಬೇಕು. ದೀರ್ಘ ಉಸಿರೆಳೆದಾಗ ಬಿಗಿಯೆನಿಸಬಾರದು, ಕುಣಿದಾಗ ಜಾರಲೂಬಾರದು. ಇಲ್ಲಿರುವ ಹೆಣ್ಣುಮಕ್ಕಳಿಗೆ ಒಂದು ಮಾತು: ಕ್ರೀಡಾ ಒಳಉಡುಪಿನ ಕೆಳಗಿನ ಎಲಾಸ್ಟಿಕ್ಕಿನ ಮೇಲೆ ಪಟ್ಟಿ ಏರಿ ಕುಳಿತರೆ ಎರಡರ ತಿಕ್ಕಾಟಕ್ಕೆ ಚರ್ಮ ಸುಲಿಯುತ್ತದೆ, ದೂರದ ಸವಾರಿಯ ಮರುದಿನ ಸ್ನಾನದ ನೀರು ಬಿದ್ದರೆ ಉರಿಯುತ್ತದೆ. ಎಲಾಸ್ಟಿಕ್ಕಿನ ಕೆಳಗೆ ಒಂದು ಬೆರಳಿನ ಜಾಗ ಬಿಟ್ಟು ಕಟ್ಟಿ. ಅದೂ ಆಗದವರಿಗೆ ತೋಳಿಗೆ ಕಟ್ಟುವ, ಹಸಿರು ಬೆಳಕಿನಿಂದ ರಕ್ತದ ಹರಿವನ್ನು ನೋಡುವ ಪಟ್ಟಿಗಳಿವೆ. ಅದೇ ಬೆಳಕಿನ ತಂತ್ರದ ಕೈಗಡಿಯಾರಕ್ಕಿಂತ ತೋಳಿನ ಪಟ್ಟಿ ವಾಸಿ. ಹ್ಯಾಂಡಲ್ ಹಿಡಿದಾಗ ಮಣಿಕಟ್ಟು ಮಡಚಿ, ರಸ್ತೆಯ ಅದುರು ನೇರವಾಗಿ ಅಲ್ಲಿಗೇ ತಲಪುತ್ತದೆ.

ಮನೆಗೆ ಬಂದೊಡನೆ ಪಟ್ಟಿಯಿಂದ ಗುಂಡಿಯಂತಹ ಸೆನ್ಸರನ್ನು ಬಿಚ್ಚಿಡಿ. ಬೆವರಿನಲ್ಲಿ ನೆಂದ ಪಟ್ಟಿಗೆ ಅದು ಅಂಟಿಕೊಂಡಿದ್ದರೆ ಇನ್ನೂ ಮೈಮೇಲಿದ್ದೇನೆಂದು ತಿಳಿದು ಕೆಲಸ ಮಾಡುತ್ತಲೇ ಇರುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ಪಟ್ಟಿಯನ್ನು ಪ್ರತಿ ಸಲ ತಣ್ಣೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸಿ.


ಕುಕ್ಕರಹಳ್ಳಿ ಸವಾರ, ಮೈಸೂರು

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಋಣಿಯಾಗಿದ್ದೇನೆ. ಮೂರು ವಾರಗಳಲ್ಲಿ ಮಾಡಿದ್ದನ್ನು ತಿಳಿಸುತ್ತೇನೆ.

ಇಸಿಜಿ, ಟಿಎಂಟಿ ಎರಡನ್ನೂ ಮಾಡಿಸಿದೆ. ವೈದ್ಯರು ವರದಿ ನೋಡಿ, ಸೈಕಲ್ ತುಳಿಯಲು ಅಡ್ಡಿಯಿಲ್ಲ ಎಂದರು. ಮನೆಯವರೂ ಜೊತೆಗೆ ಬಂದು ಕೇಳಿಸಿಕೊಂಡರು.

ಚಕ್ರದ ಅಳತೆ ಮಾಡಿದೆವು. ಮಗಳು ಸೈಕಲ್ ಹಿಡಿದುಕೊಂಡಳು, ನಾನು ಕುಳಿತೆ. ಮೂರು ಸುತ್ತಿಗೆ 6,453 ಮಿಲಿಮೀಟರ್, ಅಂದರೆ ಒಂದಕ್ಕೆ 2151. ಕಂಪ್ಯೂಟರಿನಲ್ಲಿ ಇದ್ದದ್ದು 2096, ಇರುಳು ಬ್ರೆವೆಯವರು ಊಹಿಸಿದ್ದಂತೆಯೇ. ಹಳೆಯ 33.3 ಕಿಲೋಮೀಟರನ್ನು ಹೊಸ ಅಳತೆಯಿಂದ ಲೆಕ್ಕ ಹಾಕಿದರೆ 34.2 ಆಯಿತು, ಫೋನಿಗೆ ಸರಿಹೊಂದಿತು. ಎದೆಪಟ್ಟಿಯನ್ನು ಒದ್ದೆ ಮಾಡಿಕೊಂಡು ಹೊರಟ ದಿನದಿಂದ 200 ಎಂಬ ಅಂಕಿ ಒಮ್ಮೆಯೂ ಕಾಣಲಿಲ್ಲ.

ವೈದ್ಯರ ಅನುಮತಿಯ ನಂತರ ಚೆನ್ನಾಗಿ ಮೈ ಬಿಸಿಮಾಡಿಕೊಂಡು ಬೆಟ್ಟದ ಕೊನೆಯ ಭಾಗವನ್ನು ಪೂರ್ತಿ ಬಲದಿಂದ ಹತ್ತಿದೆ. 184 ಕಂಡಿತು, ನಿಂತು ಬೆರಳಿನಿಂದ ಎಣಿಸಿದಾಗ 15 ಸೆಕೆಂಡಿಗೆ 45 ಸಿಕ್ಕಿತು. ಬೆಳಿಗ್ಗೆ ಹಾಸಿಗೆಯಲ್ಲೇ ಎಣಿಸಿದರೆ 60. ಈ ಎರಡನ್ನೂ ತುಂಬಿಸಬೇಕೇ? ಪರದೆಯಲ್ಲಿ ವಲಯಗಳನ್ನು ಲೆಕ್ಕ ಹಾಕಲು ಎರಡು ವಿಧಾನಗಳ ಆಯ್ಕೆ ಇದೆ, ಯಾವುದನ್ನು ಆರಿಸಲಿ?


ಔಲು ಕನ್ನಡಿಗ, ಫಿನ್ಲೆಂಡ್

ನಿಮ್ಮ ಪ್ರಶ್ನೆ ನಾನಿರುವ ಊರಿಗೇ ಬಂದಂತಾಯಿತು. 1977ರಲ್ಲಿ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಸೆಪ್ಪೊ ಸ್ಯಾನ್ಯಾಯಾಕಂಗಸ್ ಅವರು ಪೋಲಾರ್ ಸಂಸ್ಥೆಯನ್ನು ಕಟ್ಟಿದರು. ಹಿಮದ ಮೇಲೆ ಸ್ಕೀ ಮಾಡುವವರಿಗೆ ಓಡುವಾಗಲೇ ಬಡಿತ ತಿಳಿಯಬೇಕೆಂಬ ಆಸೆಯಿಂದ ಹುಟ್ಟಿದ ಕೆಲಸವದು. ಎದೆಯಿಂದ ಕೈಗಡಿಯಾರಕ್ಕೆ ತಂತಿಯಿಲ್ಲದೆ ಬಡಿತವನ್ನು ಕಳಿಸುವ ಸಾಧನವನ್ನು 1980ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ತಂದವರು ಅವರೇ. ನಿಮ್ಮ ಪರದೆಯ ಎರಡನೆಯ ವಿಧಾನವನ್ನು ಕೊಟ್ಟವರೂ ಫಿನ್ಲೆಂಡಿನವರು, 1957ರಲ್ಲಿ ಅದನ್ನು ಪ್ರಕಟಿಸಿದ ಮಾರ್ಟ್ಟಿ ಕಾರ್ವೊನೆನ್.

ಮೊದಲ ವಿಧಾನ ಗರಿಷ್ಠದ ನೇರ ಶೇಕಡಾವಾರು. 184ರ ಶೇ. 70 ಎಂದರೆ 129. ಕಾರ್ವೊನೆನ್ ಹೇಳಿದ್ದು, ಹೃದಯ ಸೊನ್ನೆಯಿಂದ ಹೊರಡುವುದಿಲ್ಲ, ವಿಶ್ರಾಂತಿಯ ಬಡಿತದಿಂದ ಹೊರಡುತ್ತದೆ ಎಂದು. ಆದ್ದರಿಂದ 184ರಿಂದ 60 ಕಳೆದು ಉಳಿದ 124ರ ಶೇ. 70ನ್ನು ತೆಗೆದುಕೊಂಡು ಮತ್ತೆ 60 ಸೇರಿಸಬೇಕು, ಸುಮಾರು 147 ಆಗುತ್ತದೆ. ಒಂದೇ ಶೇ. 70ಕ್ಕೆ 18 ಬಡಿತಗಳ ವ್ಯತ್ಯಾಸ ನೋಡಿ. ಎರಡರಲ್ಲಿ ಯಾವುದನ್ನಾದರೂ ಬಳಸಿ, ಆದರೆ ಒಂದರ ಶೇಕಡಾವಾರನ್ನು ಓದಿ ಇನ್ನೊಂದರಲ್ಲಿ ತುಂಬಿಸಬೇಡಿ. ಬಹಳ ಮಂದಿ ಎಡವುವುದು ಇಲ್ಲಿಯೇ.

ನನ್ನನ್ನು ಕೇಳಿದರೆ ಎರಡಕ್ಕಿಂತಲೂ ಉತ್ತಮವಾದದ್ದು ಅಮೆರಿಕದ ತರಬೇತುದಾರ ಜೋ ಫ್ರೀಲ್ ಬಳಕೆಗೆ ತಂದ 30 ನಿಮಿಷದ ಪರೀಕ್ಷೆ. ಅಡೆತಡೆಯಿಲ್ಲದ ರಸ್ತೆಯಲ್ಲಿ ಒಬ್ಬರೇ 30 ನಿಮಿಷ, ಕೊನೆಯವರೆಗೂ ಉಳಿಸಿಕೊಳ್ಳಬಲ್ಲ ಪೂರ್ಣ ಬಲದಿಂದ ತುಳಿಯಬೇಕು. ಹತ್ತು ನಿಮಿಷ ಆದಾಗ ಲ್ಯಾಪ್ ಗುಂಡಿ ಒತ್ತಬೇಕು. ಕೊನೆಯ 20 ನಿಮಿಷದ ಸರಾಸರಿ ಬಡಿತವೇ ನಿಮ್ಮ ಹೊಸ್ತಿಲು, ಅಂದರೆ ಬಹಳ ಹೊತ್ತು ತಡೆದುಕೊಳ್ಳಬಲ್ಲ ಶ್ರಮದ ಮೇಲಿನ ಎಲ್ಲೆ. ಅದರ ಶೇ. 81ಕ್ಕಿಂತ ಕೆಳಗೆ ಮೊದಲ ವಲಯ, 89ರವರೆಗೆ ಎರಡನೆಯದು, 93ರವರೆಗೆ ಮೂರನೆಯದು, 99ರವರೆಗೆ ನಾಲ್ಕನೆಯದು. ಗರಿಷ್ಠ ಬಡಿತವನ್ನು ಹುಡುಕಲು ಪ್ರಾಣ ಹಿಂಡಿಕೊಳ್ಳಬೇಕಾಗಿಲ್ಲ. ಅಭ್ಯಾಸದಿಂದ ನೀವು ಬಲಗೊಂಡಂತೆ ಈ ಹೊಸ್ತಿಲೂ ಬದಲಾಗಬಹುದಾದ್ದರಿಂದ, ಕೆಲವು ತಿಂಗಳಿಗೊಮ್ಮೆ ಮತ್ತೆ ಅಳೆಯಬಹುದು.


ಗೋಳಗುಮ್ಮಟದ ಗಾಲಿ, ವಿಜಯಪುರ

ಎಲ್ಲವನ್ನೂ ಓದಿದೆ. ಒಂದು ಭಿನ್ನಾಭಿಪ್ರಾಯವನ್ನು ಗೌರವದಿಂದ ಇಡುತ್ತೇನೆ. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ಎಷ್ಟೋ ಸೈಕಲ್ ಪಟುಗಳು ರಾಷ್ಟ್ರಮಟ್ಟಕ್ಕೆ ಹೋಗಿದ್ದಾರೆ. ನಾನು ಹುಡುಗರಿಗೆ ಅಭ್ಯಾಸ ಮಾಡಿಸುವಾಗ ಮೊದಲ ವರ್ಷ ಪರದೆಯನ್ನು ಮುಟ್ಟಗೊಡುವುದಿಲ್ಲ. ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯೇ, ಎರಡು ಮೂರು ಪದ ಮಾತ್ರ ಆಗುತ್ತಿದೆಯೇ, ಒಂದೂ ಆಗುತ್ತಿಲ್ಲವೇ ಎಂಬುದರಿಂದಲೇ ತಮ್ಮ ಶ್ರಮವನ್ನು ಅಳೆಯಲು ಕಲಿಸುತ್ತೇನೆ. ಹೃದಯದ ಅಂಕಿ ಶ್ರಮದ ಹಿಂದೆ ಬರುತ್ತದೆ. ನೀವು ಬಲವಾಗಿ ತುಳಿದು ಅರ್ಧ ನಿಮಿಷವಾದರೂ ಬಡಿತ ಇನ್ನೂ ಏರುತ್ತಲೇ ಇರುತ್ತದೆ. ಸಣ್ಣ ಏರಿನಲ್ಲಿ ಅಂಕಿಯನ್ನು ನಂಬಿದವನು ಮೊದಲ ಅರ್ಧವನ್ನು ಅತಿಯಾಗಿ ತುಳಿದುಬಿಡುತ್ತಾನೆ, ಅಂಕಿ ಎಚ್ಚರಿಸುವ ಹೊತ್ತಿಗೆ ಕಾಲು ಸೋತಿರುತ್ತದೆ. ನಿದ್ರೆ ಕೆಟ್ಟರೆ, ಕಾಫಿ ಕುಡಿದರೆ, ಬಿಸಿಲಿದ್ದರೆ ಅದೇ ಶ್ರಮಕ್ಕೆ ಬೇರೆ ಅಂಕಿ.

ಉಪಕರಣ ಬೇಡವೆಂದು ನಾನು ಹೇಳುತ್ತಿಲ್ಲ. ಪರದೆಯನ್ನು ಬಟ್ಟೆ ಕಟ್ಟಿ ಮುಚ್ಚಿ ತುಳಿಯಿರಿ, ಬಂದ ಮೇಲೆ ನೋಡಿ, ನಿಮ್ಮ ಊಹೆ ಎಷ್ಟು ಹತ್ತಿರವಿತ್ತು ಎಂದು ತಿಳಿಯಿರಿ.


ತುಂಗಾ ತೀರದ ವೈದ್ಯೆ, ಶಿವಮೊಗ್ಗ

ವಿಜಯಪುರದ ಗುರುಗಳ ಮಾತಿನಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ಬೀಟಾ ಬ್ಲಾಕರ್ ವರ್ಗದ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರ ವಿಷಯದಲ್ಲಂತೂ ಪೂರ್ತಿ ಒಪ್ಪುತ್ತೇನೆ. ಆ ಮಾತ್ರೆ ಬಡಿತವನ್ನೇ ಹಿಡಿದಿಡುವುದರಿಂದ ವಯಸ್ಸಿನ ಸೂತ್ರಗಳು ಅವರಿಗೆ ಅನ್ವಯಿಸುವುದಿಲ್ಲ, ಪರದೆಯ ವಲಯ ಮುಟ್ಟಲು ಹೊರಟರೆ ಅಪಾಯ. ಅವರಿಗೆ ಮಾತಿನ ಪರೀಕ್ಷೆಯೇ ಸರಿ.

ಆದರೆ ಐವತ್ತು ದಾಟಿ ಸೈಕಲ್ ಹಿಡಿದವರ ತೊಂದರೆ ಹುಡುಗರದ್ದಕ್ಕಿಂತ ಬೇರೆ. ಅವರು ಪ್ರತಿದಿನವೂ ನಿಧಾನವಾಗಿ ತುಳಿದೆ ಎಂದುಕೊಂಡೇ ಬಲವಾಗಿ ತುಳಿಯುತ್ತಾರೆ. ಅವರಿಗೆ ನೇರ ಪರದೆಯ ಮೇಲೇ ಅಂಕಿ ಕಾಣಬೇಕು, ಹಗುರ ದಿನ ನಿಜವಾಗಿಯೂ ಹಗುರವಾಗಬೇಕು. ಈ ಒಂದು ವಿಷಯದಲ್ಲಿ ಮುಚ್ಚಿ ತುಳಿಯುವ ಸಲಹೆಗೆ ನನ್ನ ಒಪ್ಪಿಗೆ ಇಲ್ಲ.


ದೇವಿಮನೆ ಘಟ್ಟ, ಶಿರಸಿ

ಎತ್ತರದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಎರಡು ಮಾತು. ಗಾಳಿಯ ಒತ್ತಡ ಒಂದು ಹೆಕ್ಟೋಪಾಸ್ಕಲ್ ಬದಲಾದರೆ ಯಂತ್ರ ಅದನ್ನು ಸುಮಾರು 8 ಮೀಟರ್ ಏರಿಳಿತವೆಂದು ಓದುತ್ತದೆ. ಮಳೆಮೋಡ ಕವಿದ ದಿನ ನಿಂತಲ್ಲೇ ಎತ್ತರ ಬದಲಾಗುವುದು ಇದರಿಂದ. ಎತ್ತರ ಗೊತ್ತಿರುವ ಜಾಗದಿಂದ ಹೊರಡುವ ಮುನ್ನ ಪ್ರತಿ ಸಲ ಸರಿಪಡಿಸಿಕೊಳ್ಳಿ. ನಾನು ಕುಮಟೆಯ ಕಡಲ ದಂಡೆಗೆ ಇಳಿದಾಗಲೆಲ್ಲ ಸೊನ್ನೆ ಮಾಡಿಕೊಂಡು ಘಟ್ಟ ಹತ್ತುತ್ತೇನೆ. ಯಂತ್ರದಲ್ಲಿರುವ ಸೂಜಿಮೊನೆಯಷ್ಟು ಸಣ್ಣ ರಂಧ್ರಕ್ಕೆ ಕೆಸರೋ ಬೆವರಿನ ಉಪ್ಪೋ ಕಟ್ಟಿಕೊಂಡರೆ ಘಟ್ಟ ಹತ್ತಿದರೂ ಎತ್ತರ ಏರುವುದಿಲ್ಲ. ನೀರು ಬಿಟ್ಟು ತೊಳೆಯಿರಿ, ಪಿನ್ನು ಹಾಕಬೇಡಿ.

ಎದೆಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದು ಸಿಆರ್ 2032 ಎಂಬ ಬಿಲ್ಲೆ ಬ್ಯಾಟರಿ. ಅದನ್ನು ಬದಲಿಸುವಾಗ ಹಳೆಯದನ್ನು ತೆಗೆದು ಅರ್ಧ ನಿಮಿಷ ಬಿಟ್ಟು ಹೊಸದನ್ನು ಹಾಕಿ, ಮುಚ್ಚಳದ ರಬ್ಬರ್ ಬಳೆ ಸರಿಯಾಗಿ ಕುಳಿತಿದೆಯೇ ನೋಡಿ. ನಮ್ಮ ಮಳೆಯಲ್ಲಿ ಆ ಬಳೆ ಜಾರಿದ ಸೆನ್ಸರ್ ಒಂದು ವಾರವೂ ಬಾಳುವುದಿಲ್ಲ.


ಇರುಳು ಬ್ರೆವೆ, ಬೆಂಗಳೂರು

ಸರ್, ಮುಂದೆ ಬ್ರೆವೆಯ ಯೋಚನೆ ಇದ್ದರೆ ಒಂದು ಸೂಚನೆ. ಸಿಗ್ನಲ್ಲಿನಲ್ಲಿ ನಿಂತಾಗ ತಾನಾಗಿಯೇ ನಿಲ್ಲುವ ಆಟೋ ಪಾಜ್ ಅಭ್ಯಾಸದ ದಿನಗಳಿಗೆ ಸರಿ. ಬ್ರೆವೆಯಲ್ಲಿ 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷದ ಗಡುವು ಗೋಡೆಯ ಗಡಿಯಾರದ ಲೆಕ್ಕ, ತಿಂಡಿಗೆ ಕುಳಿತ ಹೊತ್ತೂ ಅದರಲ್ಲಿ ಸೇರುತ್ತದೆ. ಒಂದು ಪುಟದಲ್ಲಿ ಬಡಿತ, ದೂರ, ಗಂಟೆ ಈ ಮೂರನ್ನೇ ದೊಡ್ಡದಾಗಿ ಇಟ್ಟುಕೊಳ್ಳಿ.


ಕುಕ್ಕರಹಳ್ಳಿ ಸವಾರ, ಮೈಸೂರು

30 ನಿಮಿಷದ ಪರೀಕ್ಷೆಯನ್ನು ಭಾನುವಾರ ಬೆಳಿಗ್ಗೆ ಐದೂವರೆಗೆ ಮಾಡಿದೆ. ಕೊನೆಯ 20 ನಿಮಿಷದ ಸರಾಸರಿ 164 ಬಂತು. ಅದರ ಪ್ರಕಾರ ನನ್ನ ಎರಡನೆಯ ವಲಯ 133ರಿಂದ 146. ಅಂಗಡಿಯ 168ರ ಲೆಕ್ಕದಲ್ಲಿ 152ಕ್ಕೇ ಐದನೆಯ ವಲಯ ಎಂದು ಕೂಗುತ್ತಿದ್ದ ಯಂತ್ರ ಈಗ ಅದನ್ನು ಮೂರನೆಯದು ಎನ್ನುತ್ತಿದೆ. ನನ್ನ ಉಸಿರಿಗೂ ಅದೇ ಸರಿಯೆನಿಸುತ್ತದೆ. ವಿಜಯಪುರದವರ ಮಾತಿನಂತೆ ವಾರಕ್ಕೊಂದು ದಿನ ಪರದೆಗೆ ಬಟ್ಟೆ ಕಟ್ಟಿ ಹೋಗುತ್ತಿದ್ದೇನೆ, ಉಳಿದ ದಿನ ವೈದ್ಯೆಯವರು ಹೇಳಿದಂತೆ ನೋಡಿಕೊಂಡೇ ತುಳಿಯುತ್ತೇನೆ.

ಒಂದೇ ಸಂದೇಹ ಉಳಿದಿದೆ. ಕಳೆದ ವಾರ ಎರಡು ಗಂಟೆ ಒಂದೇ ವೇಗದಲ್ಲಿ ಸಮತಟ್ಟಾದ ರಸ್ತೆಯಲ್ಲಿ ಹೋದೆ. ಮೊದಲ ಅರ್ಧ ಗಂಟೆ 138 ಇದ್ದ ಬಡಿತ ಕೊನೆಯ ಅರ್ಧ ಗಂಟೆ 151 ಆಗಿತ್ತು. ಪಟ್ಟಿ ಮತ್ತೆ ತಪ್ಪುತ್ತಿದೆಯೇ?


ತುಂಗಾ ತೀರದ ವೈದ್ಯೆ, ಶಿವಮೊಗ್ಗ

ಇದು ಪಟ್ಟಿಯ ತಪ್ಪಲ್ಲ, ನಿಮ್ಮ ದೇಹವೇ ಹೇಳುತ್ತಿರುವುದು. ಬೆವರಿ ನೀರು ಕಳೆದುಕೊಂಡಾಗ ರಕ್ತದ ದ್ರವ ಕಡಿಮೆಯಾಗುತ್ತದೆ, ಮೈ ತಣ್ಣಗಾಗಿಸಲು ಒಂದು ಪಾಲು ರಕ್ತ ಚರ್ಮದ ಕಡೆ ಹೋಗುತ್ತದೆ. ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾದಾಗ ಅದನ್ನು ಸರಿದೂಗಿಸಲು ಬಡಿತಗಳ ಸಂಖ್ಯೆ ಏರುತ್ತದೆ. ಎಷ್ಟು ಗಂಟೆಗೆ ಹೊರಟಿರಿ, ಎಷ್ಟು ನೀರು ಕುಡಿದಿರಿ?


ಕುಕ್ಕರಹಳ್ಳಿ ಸವಾರ, ಮೈಸೂರು

ಅಂದು ಎಂಟು ಗಂಟೆಗೆ ಹೊರಟಿದ್ದೆ, ಒಂದೇ ಬಾಟಲಿ ಒಯ್ದಿದ್ದೆ, ಅದರಲ್ಲೂ ಅರ್ಧ ಉಳಿದಿತ್ತು. ಈ ಭಾನುವಾರ ಐದೂವರೆಗೆ ಹೊರಟು, ಎರಡು ಬಾಟಲಿ ಒಯ್ದು, ಒಂದಕ್ಕೆ ಚಿಟಿಕೆ ಉಪ್ಪು, ನಿಂಬೆ, ಸಕ್ಕರೆ ಹಾಕಿಕೊಂಡು ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಎರಡು ಗಂಟೆ ಹೋಗಿಬಂದೆ. ಮೊದಲ ಅರ್ಧ ಗಂಟೆ 137, ಕೊನೆಯ ಅರ್ಧ ಗಂಟೆ 142. ಎರಡು ಬಾಟಲಿಯೂ ಖಾಲಿಯಾಗಿತ್ತು.